ಡಾಕ್ಟರ್ ಕುಡಿದರೆ ಒತ್ತಡ, ಶವಾಗಾರದವನು ಕುಡಿದರೆ ಜಾತಿಗುಣ!



ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಕಳಿಸಿ.

ವೈದ್ಯರ ಮಾನಸಿಕ ಆರೋಗ್ಯದ ಬಗ್ಗೆ ಈಗ ಎಲ್ಲರೂ ಮಾತಾಡ್ತಿದಾರೆ. ಸಹಾಯವಾಣಿ ಬೇಕು, ಕೌನ್ಸೆಲಿಂಗ್ ಬೇಕು, ರಜೆ ಬೇಕು ಅಂತಿದಾರೆ. ಬೇಕೇ ಬೇಕು. ಇದನ್ನ ನಾನು ವಿರೋಧಿಸೋದಿಲ್ಲ. ಡಾಕ್ಟರೂ ಮನುಷ್ಯರೇ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ ಪಿಜಿ ವಿದ್ಯಾರ್ಥಿಗಳಲ್ಲಿ ಶೇ. 31ರಷ್ಟು ಜನ ತಮಗೆ ಸಾಯುವ ಯೋಚನೆ ಬಂದಿತ್ತು ಅಂತ ಹೇಳಿದಾರೆ. ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರು! ರೆಸಿಡೆಂಟ್ ಡಾಕ್ಟರುಗಳಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಬೇಡ, ವಾರಕ್ಕೊಂದು ದಿನ ರಜೆ ಕೊಡಿ ಅಂತ ಆ ವರದಿ ಹೇಳ್ತು. ದಿನಕ್ಕೆ 12 ಗಂಟೆ ಮೀರಿ ಒಂದೇ ಸಮನೆ ದುಡಿಸಬೇಡಿ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 32 ವರ್ಷ ಆದಮೇಲೂ ಅದನ್ನೇ ಮತ್ತೆ ಬರೆಯಬೇಕಾಯ್ತು ಅಂದ್ರೆ ಪಾಲಿಸಿದವರು ಎಷ್ಟು ಜನ ಅಂತ ನೀವೇ ಲೆಕ್ಕ ಹಾಕಿ.

ಆದರೆ ನನ್ನ ಪ್ರಶ್ನೆ ಬೇರೆ. ಈ ನೆರವು ಯಾರಿಗೆ? ಮತ್ತೆ, ಯಾವ ನೋವಿಗೆ?

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಜೋರಾಗಿದ್ದಾಗ, ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್.ಆರ್. ನಾಗೇಂದ್ರ ಆತ್ಮಹತ್ಯೆ ಮಾಡಿಕೊಂಡರು. ಇಷ್ಟು ಟೆಸ್ಟ್ ಆಗಲೇಬೇಕು ಅನ್ನೋ ಟಾರ್ಗೆಟ್ ಒತ್ತಡವೇ ಕಾರಣ ಅಂತ ಸಹೋದ್ಯೋಗಿಗಳು ಆರೋಪಿಸಿದರು. ಮೈಸೂರು ಜಿಲ್ಲೆಯ ಸರ್ಕಾರಿ ವೈದ್ಯರು ಬೀದಿಗಿಳಿದರು. ಜಿಲ್ಲಾ ಪಂಚಾಯಿತಿ ಸಿಇಒ ವರ್ಗಾವಣೆ ಆಯ್ತು, ಪರಿಹಾರ ಘೋಷಣೆ ಆಯ್ತು. ಎಲ್ಲ ಆದದ್ದು ಸತ್ತ ಮೇಲೆ! ಬದುಕಿದ್ದಾಗ "ಸರ್, ಇನ್ನು ನನ್ನ ಕೈಲಿ ಆಗ್ತಿಲ್ಲ" ಅಂತ ಹೆದರಿಕೆಯಿಲ್ಲದೆ ಹೇಳಿಕೊಳ್ಳಲಿಕ್ಕೆ ಒಬ್ಬ ತಾಲ್ಲೂಕು ಅಧಿಕಾರಿಗೆ ಯಾವ ಬಾಗಿಲು ಇದೆ? ಒತ್ತಡ ಹಾಕೋ ಕಚೇರಿಗೇ ಹೋಗಿ ಒತ್ತಡದ ದೂರು ಕೊಡಬೇಕಾ?

ಈಗ ಮುಂಬೈಗೆ ಬನ್ನಿ. ಡಾ. ಪಾಯಲ್ ತಡ್ವಿ. ಆದಿವಾಸಿ ತಡ್ವಿ ಭಿಲ್ ಸಮುದಾಯದ ಹೆಣ್ಣುಮಗಳು. ನಾಯರ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗದ ಪಿಜಿ ವಿದ್ಯಾರ್ಥಿನಿ. 2019ರ ಮೇ 22ರಂದು ಪ್ರಾಣ ಕಳೆದುಕೊಂಡಳು. ಮೂವರು ಸೀನಿಯರ್ ವೈದ್ಯೆಯರು ಜಾತಿ ಹಿಡಿದು ಹಿಂಸಿಸಿದರು ಅನ್ನೋ ಆರೋಪದ ಮೇಲೆ ಬಂಧನ ಆಯ್ತು. ನಾವು ಮೊದಲೇ ದೂರು ಹೇಳಿದ್ದೆವು ಅಂತ ಮನೆಯವರು ಹೇಳಿದರು. ಈಗ ಹೇಳಿ, ಪಾಯಲ್‌ಗೆ ಬೇಕಿದ್ದದ್ದು ಏನು? ಉಸಿರಾಟದ ವ್ಯಾಯಾಮವಾ? "ಪಾಸಿಟಿವ್ ಆಗಿ ಯೋಚಿಸಮ್ಮಾ" ಅನ್ನೋ ಕೌನ್ಸೆಲರಾ? ಅವಳಿಗೆ ಬೇಕಿದ್ದದ್ದು ಕಿರುಕುಳ ನಿಲ್ಲಿಸೋ ಒಬ್ಬ ಅಧಿಕಾರಿ. ಅಷ್ಟೇ.

ಚುಚ್ಚಿದವರನ್ನ ಬಿಟ್ಟು ಚುಚ್ಚಿಸಿಕೊಂಡವರಿಗೆ ಮಾತ್ರ ಮುಲಾಮು ಹಚ್ಚೋದಾದ್ರೆ ಅದು ಚಿಕಿತ್ಸೆ ಅಲ್ಲ, ಮತ್ತೊಂದು ಸಲ ಚುಚ್ಚಿಸಿಕೊಳ್ಳಲಿಕ್ಕೆ ತಯಾರಿ.

ದೆಹಲಿಯ ಏಮ್ಸ್‌ನಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಹಾಸ್ಟೆಲಿನಲ್ಲಿ, ತರಗತಿಯಲ್ಲಿ, ಪರೀಕ್ಷೆಯಲ್ಲಿ ತಾರತಮ್ಯ ಆಗ್ತಿದೆ ಅಂತ ಪ್ರೊ. ಸುಖದೇವ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿತ್ತು. ಅದಾಗಿ 12 ವರ್ಷಕ್ಕೆ ಪಾಯಲ್ ಹೋದಳು. ಪಾಯಲ್ ತಾಯಿ ಅಬೇದಾ ತಡ್ವಿ, ರೋಹಿತ್ ವೇಮುಲನ ತಾಯಿ ರಾಧಿಕಾ ವೇಮುಲ ಇಬ್ಬರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯ್ತು. ಮಕ್ಕಳನ್ನ ಕಳೆದುಕೊಂಡ ತಾಯಂದಿರೇ ಕಾನೂನಿನ ಕೆಲಸವನ್ನೂ ಮಾಡಬೇಕು, ಇದು ನಮ್ಮ ದೇಶ.

ಇನ್ನೊಂದು ಮಾತು. ಮೇಲ್ಜಾತಿಯ ಡಾಕ್ಟರ್ "ನನಗೆ ಡಿಪ್ರೆಶನ್ ಇದೆ" ಅಂದ್ರೆ ಪಾಪ, ಕೆಲಸ ಜಾಸ್ತಿ ಆಯ್ತು ಅಂತಾರೆ. ನಮ್ಮ ಹುಡುಗಿ ಅದನ್ನೇ ಹೇಳಿದ್ರೆ? "ಕೋಟಾದಲ್ಲಿ ಬಂದವರು, ತಡ್ಕೊಳ್ಳೋಕೆ ಆಗಲ್ಲ!" ಈ ಒಂದು ಮಾತಿಗೆ ಹೆದರಿ ನಮ್ಮ ಮಕ್ಕಳು ಬಾಯಿ ಬಿಡೋದಿಲ್ಲ. ಮಾತ್ರೆಯನ್ನೂ ಕದ್ದು ನುಂಗ್ತಾರೆ. ಸಹಾಯವಾಣಿ ನಂಬರನ್ನ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಈ ಹೆದರಿಕೆ ಹೋಗುತ್ತಾ?

ಈಗ ಶೀರ್ಷಿಕೆಯ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿ ಕುಡಿತ, ಡ್ರಗ್ಸ್‌ಗೆ ಸಿಕ್ಕ ವೈದ್ಯರಿಗೆ 1970ರ ದಶಕದಿಂದ ರಾಜ್ಯವಾರು ಕಾರ್ಯಕ್ರಮಗಳಿವೆ. ಚಿಕಿತ್ಸೆ ಕೊಡ್ತಾರೆ, ನಿಗಾ ಇಡ್ತಾರೆ, ಮತ್ತೆ ಕೆಲಸಕ್ಕೆ ಕಳಿಸ್ತಾರೆ. ಇಂಗ್ಲೆಂಡಿನಲ್ಲಿ 2008ರಲ್ಲಿ ಲಂಡನ್ನಿನಿಂದ ಶುರುವಾದ ಸೇವೆಗೆ ವೈದ್ಯರು, ದಂತವೈದ್ಯರು ತಾವೇ ನೇರ ಹೋಗಬಹುದು, ಮೇಲಧಿಕಾರಿಯ ಚೀಟಿ ಬೇಡ. ಒಳ್ಳೇದೇ. ಕುಡಿತ ಒಂದು ಕಾಯಿಲೆ, ಗುಟ್ಟು ಕಾಪಾಡಿ ಗುಣ ಮಾಡಬೇಕು, ಅನ್ನ ಕಿತ್ಕೋಬಾರದು ಅನ್ನೋದು ಇದರ ತತ್ವ.

ಈಗ ನಮ್ಮ ಸರ್ಕಾರಿ ಆಸ್ಪತ್ರೆಯ ಹಿಂದಿನ ಬಾಗಿಲಿಗೆ ಬನ್ನಿ. ಶವಾಗಾರ. ಎಷ್ಟೋ ಕಡೆ ಡಾಕ್ಟರ್ ನಿಂತು ನೋಡ್ತಾರೆ, ಬರಕೋತಾರೆ. ಹೆಣ ಮುಟ್ಟೋದು, ಕೊಯ್ಯೋದು, ಹೊಲಿಯೋದು ಯಾರು? ನಮ್ಮವರು. ನೀರಲ್ಲಿ ನಾಲ್ಕು ದಿನ ಬಿದ್ದಿದ್ದ ಹೆಣ, ಸುಟ್ಟ ಹೆಣ, ಮಗುವಿನ ಹೆಣ. ಕುಡಿಯದೆ ಒಳಗೆ ಕಾಲಿಡೋಕಾಗಲ್ಲ ಅಂತ ಅವರೇ ಹೇಳ್ತಾರೆ. ಇದು ಎಲ್ಲರಿಗೂ ಗೊತ್ತು. ಆದ್ರೆ ಅವನಿಗೆ ಯಾವ ಕಾರ್ಯಕ್ರಮ ಇದೆ? ಅವನಿಗೆ ಇರೋದು ಒಂದೇ ಹೆಸರು: ಕುಡುಕ. ಒಂದು ದಿನ ತೂರಾಡಿದ್ರೆ ನಾಳೆಯಿಂದ ಬರಬೇಡ ಅಂತಾನೆ ಗುತ್ತಿಗೆದಾರ. ಅದೇ ಹೆಂಡ, ಅದೇ ಆಸ್ಪತ್ರೆ. ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಜಾತಿಗುಣ!

ನಮ್ಮ ಚಂದಗುಳಿಯ ಘಂಟೆ ಗಣಪತಿಗೆ ಹರಕೆ ತೀರಿದವರು ಗಂಟೆ ಕಟ್ತಾರೆ, ಸಾವಿರಾರು ಗಂಟೆ ತೂಗ್ತಿವೆ. ಆಸ್ಪತ್ರೆಯಲ್ಲೂ ಗಂಟೆ ಇದೆ. ಒತ್ತೋರು ಒಬ್ಬರು, ಓಡಿ ಬರೋರು ಇನ್ನೊಬ್ಬರು. ಓಡಿ ಬರೋ ಆಯಾ, ವಾರ್ಡ್ ಬಾಯ್, ಕ್ಲೀನಿಂಗ್ ಮಾಡೋ ಅಕ್ಕ, ಆಂಬ್ಯುಲೆನ್ಸ್ ಡ್ರೈವರ್, ಇವರು ಕಷ್ಟ ಅಂತ ಒತ್ತೋಕೆ ಯಾವ ಗಂಟೆ ಇದೆ?

ನಮ್ಮ ಯಲ್ಲಾಪುರ, ಶಿರಸಿ, ಸಿದ್ದಾಪುರದ ಸ್ಥಿತಿ ಗೊತ್ತೇ ಇದೆ. ದೊಡ್ಡ ಕಾಯಿಲೆ ಬಂದ್ರೆ ಹುಬ್ಬಳ್ಳಿ ದಾರಿ ಹಿಡೀಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಇಡೀ ಉತ್ತರ ಕನ್ನಡ ಕೂಗಿತು. ಮನಸ್ಸಿನ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಓಡಬೇಕು. ಸಿದ್ದಿ ಹಾಡಿಗಳಿಗೆ, ಗೌಳಿ ದಡ್ಡಿಗಳಿಗೆ ಕಾಡುದಾರಿಯಲ್ಲಿ ನಡೆದು ಹೋಗೋ ಆಶಾ ಅಕ್ಕನಿಗೆ ಬಾಣಂತಿ ಸತ್ತರೆ ಬೈಗುಳ, ಮಗು ಸತ್ತರೆ ನೋಟಿಸು. ಅವಳು ಅತ್ತರೆ ಕೇಳೋರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ನಮ್ಮ ರಾಜ್ಯದ ಆಶಾಗಳು 2025ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿ ಖಾತ್ರಿ ಮಾಡಿ ಅಂತ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಬೇಕಾಯ್ತು. ಸರ್ಕಾರದ ಕಣ್ಣಲ್ಲಿ ಅವಳು ನೌಕರಳೂ ಅಲ್ಲ, ಸ್ವಯಂಸೇವಕಿ! ನೌಕರಳೇ ಅಲ್ಲದವಳಿಗೆ ನೌಕರರ ನೆರವು ಎಲ್ಲಿಂದ ಬರ್ಬೇಕು?

"ಎಲ್ಲದಕ್ಕೂ ಜಾತಿ ತರ್ತೀರಿ" ಅಂತ ಕಮೆಂಟ್ ಹಾಕೋರು ಬರ್ತಾರೆ, ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿ. ಜಾತಿ, ವರ್ಗ, ಲಿಂಗ, ಧರ್ಮದ ತಾರತಮ್ಯ ಇಲ್ಲದೆ ಚಿಕಿತ್ಸೆ ಪಡೆಯೋದು ಹಕ್ಕು ಅಂತ ಅದರ 18ನೇ ಸೆಕ್ಷನ್ ಹೇಳ್ತದೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 23ನೇ ಸೆಕ್ಷನ್ ಹೇಳ್ತದೆ. ಜಾತಿ ತಂದವನು ನಾನಲ್ಲ ಸ್ವಾಮಿ, ಪಾರ್ಲಿಮೆಂಟೇ ಬರೆದಿದೆ.

ನಾವು ಕೇಳಬೇಕಾದ್ದು ಇಷ್ಟು:

1. ಆಸ್ಪತ್ರೆ ನೌಕರರ ಮಾನಸಿಕ ಆರೋಗ್ಯದ ಯಾವುದೇ ಯೋಜನೆ ಡೀನ್‌ನಿಂದ ಶವಾಗಾರದ ಸಹಾಯಕನವರೆಗೆ ಎಲ್ಲರಿಗೂ ಸಿಗಬೇಕು. ಹೊರಗುತ್ತಿಗೆ, ಆಶಾ ಅಂತ ಹೊರಗಿಡಬಾರದು.

2. ನೆರವು ಕೊಡೋರು ಅದೇ ಆಸ್ಪತ್ರೆಯ ಮುಖ್ಯಸ್ಥರ ಕೈಕೆಳಗೆ ಇರಬಾರದು. ನಮ್ಮಂಥ ಸಣ್ಣ ಊರಲ್ಲಿ ಸಂಜೆಯೊಳಗೆ ಸುದ್ದಿ ಚಹಾ ಅಂಗಡಿ ಮುಟ್ತದೆ.

3. ಜಾತಿ ಕಿರುಕುಳದ ದೂರನ್ನ ಕೌನ್ಸೆಲಿಂಗ್‌ಗೆ ತಳ್ಳಿ ಕೈತೊಳಕೊಳ್ಳೋ ಹಾಗಿಲ್ಲ. ಕೌನ್ಸೆಲಿಂಗೂ ಆಗಲಿ, ದೌರ್ಜನ್ಯ ತಡೆ ಕಾಯ್ದೆಯಡಿ ಕೇಸೂ ಆಗಲಿ.

4. ಚಿಕಿತ್ಸೆಗೆ ಹೋದ ಕಾರಣಕ್ಕೆ ಯಾರ ಕೆಲಸವೂ ಹೋಗಬಾರದು. ಗುತ್ತಿಗೆಯವರಿಗೂ ಸಂಬಳ ಸಹಿತ ರಜೆ ಬೇಕು.

5. ವೈದ್ಯಕೀಯ ವಿದ್ಯಾರ್ಥಿಗಳ ಆತ್ಮಹತ್ಯೆ, ಕಾಲೇಜು ಬಿಟ್ಟವರ ಲೆಕ್ಕವನ್ನ ಜಾತಿವಾರು ಬಿಡಿಸಿ ಪ್ರತಿ ವರ್ಷ ಪ್ರಕಟಿಸಬೇಕು.

ನಮ್ಮ ಸಮುದಾಯದಿಂದ ಹೋಗಿ ಬಿಳಿ ಕೋಟು ಹಾಕಿದ ಡಾಕ್ಟರಣ್ಣ, ಡಾಕ್ಟರಕ್ಕ, ನಿಮಗೊಂದು ಮಾತು. ನಿಮ್ಮ ನೋವು ನಿಮ್ಮ ಬಲಹೀನತೆ ಅಲ್ಲ. ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು. ಇವತ್ತು ಕಷ್ಟ ಇದ್ದರೆ ಇವತ್ತೇ ಮಾಡಿ, ನಾಚಿಕೆ ಬೇಡ. ಜೊತೆಗೆ ನಿಮ್ಮ ವಾರ್ಡಿನ ಆಯಾಗೂ ಆ ನಂಬರ್ ಬರೆದುಕೊಡಿ. ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಅವಳ ಹೆಸರನ್ನೂ ಸೇರಿಸಿ.

ಫೋನ್ ನಂಬರ್ ಜೀವ ಉಳಿಸಬಹುದು. ಮರ್ಯಾದೆಯನ್ನ ನಾವೇ ಹೋರಾಡಿ ತಗೋಬೇಕು.

ಶೇರ್ ಮಾಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ, ಏನಿಲ್ಲ ಅಂತ ಬರೀರಿ. ಕೆಲಸ ಹೋಗೋ ಭಯ ಇದ್ದವರು ಹೆಸರು ಬರೆಯೋದು ಬೇಡ.

ಜೈ ಭೀಮ್! ಜೈ ಸಂವಿಧಾನ!