ಫಾರಿನ್ನೋರಿಗೂ ಇಂಗ್ಲಿಷ್ ಬರಲ್ವಾ ಮಿಸ್?

ಕಳೆದ ವರ್ಷದ ಮಾತು. ಒಂಬತ್ತನೇ ತರಗತಿಯಲ್ಲಿ ಪಾಠ ಮುಗಿಸಿ ಹಾಜರಿ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ನಾನು ಯುರೋಪಿಗೆ ಇಂಗ್ಲಿಷ್ ಕಲಿಸಲು ಹೋಗುತ್ತೇನಂತೆ ಎಂಬ ಸುದ್ದಿ ಅದು ಹೇಗೋ ಮಕ್ಕಳ ಕಿವಿಗೆ ಬಿದ್ದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಫಾರಿನ್ನೋರಿಗೂ ಇಂಗ್ಲಿಷ್ ಬರಲ್ವಾ ಮಿಸ್? ನೀವು ಹೋಗಿ ಕಲಿಸ್ಬೇಕಾ?’ ಎಂದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆಯನ್ನು ನಾನೇ ಮೂರು ತಿಂಗಳು ಮೊದಲು ಕೇಳಿಕೊಂಡಿದ್ದರೆ ನಮ್ಮ ಮನೆಯ ನಲವತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಮಾವಿನ ತೋಪು, ಎರಡು ಹಸು ನಮ್ಮ ಆಸ್ತಿ. ಎಂ.ಎ. ಇಂಗ್ಲಿಷ್, ಬಿ.ಎಡ್. ಮುಗಿಸಿ ಮುಳಬಾಗಿಲು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಆಗ ತಿಂಗಳಿಗೆ ಹತ್ತು ಸಾವಿರದ ಐನೂರು ಗೌರವಧನವಿತ್ತು, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಕಾಯಂ ನೇಮಕಾತಿಗೆ ಕಾಯುತ್ತಾ ಕಾಯುತ್ತಾ ಇಪ್ಪತ್ತೇಳು ತುಂಬಿತ್ತು. ಜೊತೆಗೆ ಓದಿದವರು ನರಸಾಪುರದ ಕಾರ್ಖಾನೆ, ಮಾಲೂರಿನ ಇಂಡಸ್ಟ್ರಿಯಲ್ ಏರಿಯಾ, ಬೆಂಗಳೂರಿನ ಕಾಲ್ ಸೆಂಟರ್ ಅಂತ ಸೇರಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು: ಯುರೋಪಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ, ತಿಂಗಳಿಗೆ ಎರಡು ಲಕ್ಷ ಸಂಬಳ, ವರ್ಕ್ ವೀಸಾ ಗ್ಯಾರಂಟಿ.

ಅಪ್ಪನನ್ನೂ ಕರೆದುಕೊಂಡು ಬೆಂಗಳೂರಿನ ಆ ಆಫೀಸಿಗೆ ಹೋದೆ. ಗಾಜಿನ ಬಾಗಿಲು, ಗೋಡೆಯ ತುಂಬ ಬಾವುಟಗಳು. ‘ಅಲ್ಲಿ ಇಂಗ್ಲಿಷ್ ಬರೋರೇ ಕಡಿಮೆ ಮೇಡಂ, ನಿಮ್ಮಂಥೋರಿಗೇ ಕಾಯ್ತಾ ಇದ್ದಾರೆ’ ಎಂದರು. ಒಟ್ಟು ಮೂರೂವರೆ ಲಕ್ಷ. ಮುಂಗಡ ನಲವತ್ತು ಸಾವಿರ, ಉಳಿದದ್ದು ಆಫರ್ ಲೆಟರ್ ಬಂದ ಮೇಲೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಕೋಲಾರದವರೆಗೂ ಮಾತನಾಡಲಿಲ್ಲ. ಆಮೇಲೆ, ‘ಎರಡು ವರ್ಷದ ಫಸಲು ಒಟ್ಟಿಗೆ ವ್ಯಾಪಾರಿಗೆ ಬರ್‍ಕೊಟ್ಟರೆ ಆಗುತ್ತಮ್ಮಾ’ ಎಂದರು. ತೋಪನ್ನು ಹೂವಿನಲ್ಲೇ ವ್ಯಾಪಾರಿಗೆ ಬಿಟ್ಟುಕೊಡುವುದು ನಮ್ಮ ಕಡೆ ಹೊಸದಲ್ಲ. ಎರಡು ವರ್ಷದ್ದನ್ನು ಒಟ್ಟಿಗೆ ಕೊಟ್ಟರೆ ಆ ಎರಡು ವರ್ಷ ಮನೆ ಹಾಲಿನ ದುಡ್ಡಿನಲ್ಲಿ ನಡೆಯಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಫರ್ ಲೆಟರ್ ಬಂತು. ಯುರೋಪಿನ ಒಂದು ಶಾಲೆಯ ಹೆಸರು, ಮುದ್ರೆ, ಸಹಿ ಎಲ್ಲವೂ ಇತ್ತು. ಕೊನೆಯ ಸಾಲಿನಲ್ಲಿ ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂದಿತ್ತು. ಇದು ನಮ್ಮ ಕಚೇರಿಗಳ ಇಂಗ್ಲಿಷ್. ರಜೆ ಚೀಟಿಯಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೇನೆ. ಯುರೋಪಿನ ಹೆಡ್‌ಮಾಸ್ಟರ್ ಹೀಗೆ ಬರೆಯುತ್ತಾರಾ? ಆ ಶಾಲೆಯ ಸ್ವಂತ ವಿಳಾಸ ಹುಡುಕಿ ಇಮೇಲ್ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ಇಂಥ ಹುದ್ದೆ ನಮ್ಮಲ್ಲಿಲ್ಲ, ಈ ಪತ್ರ ನಮ್ಮದಲ್ಲ. ಬೆಂಗಳೂರಿನ ಆಫೀಸಿಗೆ ಫೋನ್ ಮಾಡಿದರೆ, ‘ಅದು ಬಿಡಿ ಮೇಡಂ, ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕನ್ವರ್ಟ್ ಮಾಡಿಸ್ತೀವಿ’ ಎಂದರು. ಮುಂಗಡ ವಾಪಸ್ ಬರಲಿಲ್ಲ. ತೋಪು ಮಾತ್ರ ಉಳಿಯಿತು.

ಇದನ್ನು ಬರೆಯುತ್ತಿರುವುದು ಕನಿಕರಕ್ಕಲ್ಲ. ಆಮೇಲೆ ನಾಲ್ಕು ತಿಂಗಳು ಕೂತು ವೀಸಾ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಓದಿಕೊಂಡೆ. ಅದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ ಎಂಬುದೇ ನನ್ನ ತಕರಾರು.

ಮೊದಲ ವಿಷಯ, ಕೆಲಸದ ವೀಸಾ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಸಾಮಾನ್ಯವಾಗಿ ಅಲ್ಲಿನ ಶಾಲೆ ಮೊದಲು ನಮ್ಮನ್ನು ಆಯ್ಕೆ ಮಾಡಬೇಕು. ಆ ನೇಮಕಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಗಬೇಕು. ಆಮೇಲೆ ನಾವು ಆ ದೇಶದ ದೀರ್ಘಾವಧಿ ವೀಸಾಗೆ, ಅಂದರೆ ‘ಡಿ’ ವೀಸಾಗೆ ಅರ್ಜಿ ಹಾಕಬೇಕು. ಪ್ರವಾಸಿಗಳಿಗೆ ಕೊಡುವ ಷೆಂಗೆನ್ ವೀಸಾ ಬೇರೆ. ಅದರಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು, ಕೆಲಸ ಮಾಡುವಂತಿಲ್ಲ. ಅದರಲ್ಲಿ ಹೋಗಿ ಪಾಠ ಮಾಡಿ ಸಿಕ್ಕಿಬಿದ್ದರೆ ಏಜೆಂಟ್ ಜೊತೆಗಿರುವುದಿಲ್ಲ. ವಾಪಸ್ ಕಳಿಸುವುದು ನಮ್ಮನ್ನು, ಪಾಸ್‌ಪೋರ್ಟಿನ ಮೇಲೆ ಮಚ್ಚೆ ಬೀಳುವುದೂ ನಮಗೇ.

ಎರಡನೆಯದು ಇನ್ನೂ ಕಹಿ. ಅಲ್ಲಿನ ಸರ್ಕಾರ ಕೇಳುವುದು ‘ಈಕೆಗೆ ಇಂಗ್ಲಿಷ್ ಬರುತ್ತದಾ’ ಎಂದಲ್ಲ, ‘ಇಲ್ಲೇ ಇರುವ ಯಾರೂ ಸಿಗಲಿಲ್ಲವಾ’ ಎಂದು. ಐರೋಪ್ಯ ಒಕ್ಕೂಟದ 27 ದೇಶಗಳ ಪ್ರಜೆಗಳು ಒಬ್ಬರ ದೇಶದಲ್ಲಿ ಇನ್ನೊಬ್ಬರು ಪರವಾನಗಿ ಇಲ್ಲದೆ ಕೆಲಸ ಮಾಡಬಹುದು. ಐರ್ಲೆಂಡ್ ಮತ್ತು ಮಾಲ್ಟಾದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ, ಎರಡೂ ಒಕ್ಕೂಟದಲ್ಲಿವೆ. ಬ್ರಿಟನ್ ಹೊರನಡೆದ ಮೇಲೆ, 2021ರ ಜನವರಿಯಿಂದ ಇಂಗ್ಲಿಷರೇ ಐರ್ಲೆಂಡ್ ಬಿಟ್ಟು ಒಕ್ಕೂಟದ ಉಳಿದ ದೇಶಗಳಲ್ಲಿ ಕೆಲಸಕ್ಕೆ ಪರವಾನಗಿ ಕೇಳುವ ಸಾಲಿನಲ್ಲಿ ನಿಂತಿದ್ದಾರೆ. ಆ ಸಾಲಿನ ಹಿಂದೆ ನಾವಿದ್ದೇವೆ. ‘ನಿಮಗೇ ಕಾಯ್ತಾ ಇದ್ದಾರೆ’ ಎಂಬ ಮಾತು ಎಷ್ಟು ದೊಡ್ಡ ಸುಳ್ಳು ಎಂದು ಆಗ ಅರ್ಥವಾಯಿತು.

ಇದರ ಮೇಲೆ ‘ನೇಟಿವ್ ಸ್ಪೀಕರ್’ ಎಂಬ ಅಡ್ಡಗೋಡೆ. ಇಂಗ್ಲಿಷ್ ತಾಯ್ನುಡಿಯಾಗಿರುವವರೇ ಬೇಕು ಎಂದು ಎಷ್ಟೋ ಜಾಹೀರಾತುಗಳಲ್ಲಿ ಇರುತ್ತದೆ. ಆನ್‌ಲೈನ್‌ನಲ್ಲಿ ಒಂದು ಕಡೆ ಸಂದರ್ಶನ ಕೊಟ್ಟೆ. ಪಾಠದ ಬಗ್ಗೆ ಒಂದು ಪ್ರಶ್ನೆ, ಪಾಸ್‌ಪೋರ್ಟ್ ಬಗ್ಗೆ ಮೂರು ಪ್ರಶ್ನೆ, ಹನ್ನೆರಡು ನಿಮಿಷಕ್ಕೆ ಮುಗಿಯಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾರಣ ನಮ್ಮ ತರಗತಿಯಲ್ಲೇ ಇದೆ. ನನ್ನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ಉರ್ದು ಆಡುತ್ತಾರೆ, ತಮಿಳು ಸಿನಿಮಾ ನೋಡುತ್ತಾರೆ. ಇಂಗ್ಲಿಷ್ ಅವರಿಗೆ ಐದನೆಯ ಭಾಷೆ. ಅದು ಬಾರದವರ ನಾಲಿಗೆ ಎಲ್ಲಿ ತೊಡರುತ್ತದೆ ಎಂಬುದು, ಸ್ವತಃ ತೊಡರಿ ಕಲಿತ ನಮಗೆ ಚೆನ್ನಾಗಿ ಗೊತ್ತು. ಹುಟ್ಟಿನಿಂದಲೇ ಆ ಭಾಷೆ ಆಡಿದವರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕಾಗುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು, ಮದ್ರಾಸಿನಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಮೆಟ್ರಿಕ್ ದಾಟದಿದ್ದರೂ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. ಭಾಷೆ ಯಾರ ಹುಟ್ಟಿನ ಆಸ್ತಿಯೂ ಅಲ್ಲ ಎನ್ನಲು ನಾವು ದೂರ ಹೋಗಬೇಕಿಲ್ಲ.

ಆದರೆ ಅನ್ಯಾಯ ಎಂದು ಬೈದುಕೊಂಡು ಕೂತರೆ ವೀಸಾ ಬರುವುದಿಲ್ಲ. ಹಾಗಾದರೆ ದಾರಿ ಇಲ್ಲವೇ? ಇದೆ, ಕಿರಿದಾಗಿದೆ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕರಾಗಿ ಏಳು ತಿಂಗಳು, ವಾರಕ್ಕೆ 12 ಗಂಟೆ ಕೆಲಸ ಮಾಡುವ ಕಾರ್ಯಕ್ರಮವಿದೆ. ಭಾರತದ ಯುವಜನರೂ ಅರ್ಜಿ ಹಾಕಬಹುದು. ಆದರೆ ಫ್ರೆಂಚ್ ಬರಬೇಕು. ಜರ್ಮನಿ 2024ರ ಜೂನ್‌ನಿಂದ ಅಂಕಗಳ ಆಧಾರದ ‘ಆಪರ್ಚುನಿಟಿ ಕಾರ್ಡ್’ ತಂದಿದೆ. ಅದರಲ್ಲೂ ಜರ್ಮನ್ ಹೆಚ್ಚು ಬಂದಷ್ಟೂ ಅಂಕ ಹೆಚ್ಚು. ಜೊತೆಗೆ ಅಲ್ಲಿದ್ದಷ್ಟು ದಿನದ ಖರ್ಚಿಗೆ ದುಡ್ಡು ತೋರಿಸಬೇಕು. ಇಂಗ್ಲೆಂಡ್ 2023ರಿಂದ ಭಾರತದ ಶಿಕ್ಷಕರಿಗೂ ಅಲ್ಲಿನ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕಲು ಬಿಟ್ಟಿದೆ. ಆದರೆ ಅವರಿಗೆ ಬೇಕಿರುವುದು ಗಣಿತ, ವಿಜ್ಞಾನ, ಪರಭಾಷೆ ಕಲಿಸುವವರು. ಬಿ.ಎಸ್ಸಿ., ಬಿ.ಎಡ್. ಮಾಡಿದ ಗೆಳೆಯರು ಇದನ್ನು ಗಮನಿಸಬೇಕು.

ಇವೆಲ್ಲದರಲ್ಲೂ ನನಗೆ ಕಂಡದ್ದು ಒಂದೇ. ಇಂಗ್ಲಿಷ್ ಕಲಿಸಲು ಯುರೋಪಿಗೆ ಹೋಗಬೇಕಾದವರು ಮೊದಲು ಇಂಗ್ಲಿಷ್ ಅಲ್ಲದ ಒಂದು ಭಾಷೆ ಕಲಿಯಬೇಕು. ಅಲ್ಲಿ ಇಂಗ್ಲಿಷ್ ಮಾತ್ರ ಬರುವವರು ಬೇಕಾದಷ್ಟಿದ್ದಾರೆ. ಮಕ್ಕಳ ಭಾಷೆಯೂ ಬರುವ, ಕಲಿಸಲೂ ಬರುವ ಶಿಕ್ಷಕರು ಅಷ್ಟಿಲ್ಲ. ಮಾಸ್ಟರ್ ಡಿಗ್ರಿ ಇದ್ದರೂ ಕಲಿಸುವ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. 120 ಗಂಟೆಗಳ ಕೇಂಬ್ರಿಜ್‌ನ ‘ಸೆಲ್ಟಾ’ ಅದರಲ್ಲಿ ಹೆಸರಾದದ್ದು. ಅದಕ್ಕೆ ದುಡ್ಡು ಬೇಕು, ನಿಜ. ಆದರೆ ಕಲಿತ ಭಾಷೆ, ಪಡೆದ ತರಬೇತಿ ವೀಸಾ ಸಿಗದಿದ್ದರೂ ನಮ್ಮ ಹತ್ತಿರವೇ ಉಳಿಯುತ್ತದೆ. ಏಜೆಂಟ್‌ಗೆ ಕೊಟ್ಟದ್ದು ಹಾಗಲ್ಲ.

ಏಜೆಂಟ್ ಎಂದರೆ ಎಲ್ಲರೂ ಮೋಸಗಾರರಲ್ಲ. ವಿದೇಶದ ಕೆಲಸಕ್ಕೆ ಜನ ಸೇರಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿಸಿಕೊಂಡಿರಬೇಕು. ಅವರ ಹೆಸರು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಸಿಗುತ್ತದೆ. ಅವರು ನಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ, ರಸೀದಿ ಕೊಡಬೇಕು. ಈ ಒಂದು ಸಂಖ್ಯೆ ನನಗೆ ಮೊದಲೇ ಗೊತ್ತಿದ್ದರೆ ಮೂರೂವರೆ ಲಕ್ಷ ಎಂದಾಗಲೇ ಎದ್ದು ಬರುತ್ತಿದ್ದೆ. ‘ನಾವು ರಿಕ್ರೂಟರ್ ಅಲ್ಲ, ಬರೀ ಕನ್ಸಲ್ಟೆಂಟ್’ ಎಂದರೆ, ಹಾಗಾದರೆ ಕೆಲಸದ ಗ್ಯಾರಂಟಿ ಹೇಗೆ ಕೊಡುತ್ತೀರಿ ಎಂದು ಕೇಳಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಕಚೇರಿಯ ಶುಲ್ಕ 500 ರೂಪಾಯಿ. ಅದಕ್ಕೆ ನನ್ನ ಹತ್ತಿರ ಎಂಟು ಸಾವಿರ ಲೆಕ್ಕ ಬರೆದಿದ್ದರು. ಶಾಲೆಯ ಹೆಸರು ಹೇಳಿದರೆ, ಅವರು ಕೊಟ್ಟ ನಂಬರಿಗಲ್ಲ, ಶಾಲೆಯ ಸ್ವಂತ ವಿಳಾಸಕ್ಕೆ ಬರೆದು ಕೇಳಿ. ನನ್ನನ್ನು ಉಳಿಸಿದ್ದು ಒಂದು ಇಮೇಲ್.

‘ಇಲ್ಲಿನ ಶಾಲೆಗಳಿಗೇ ಇಂಗ್ಲಿಷ್ ಮೇಷ್ಟ್ರು ಬೇಕು, ನಿನಗ್ಯಾಕಮ್ಮಾ ಆ ದೇಶದ ಗೊಡವೆ’ ಎಂದು ಕೇಳಿದವರೂ ಇದ್ದಾರೆ. ಆ ಮಾತಿನಲ್ಲಿ ನಿಜವಿದೆ. ಆದರೆ ಎಂಜಿನಿಯರ್ ಹುಡುಗ ಹೋದರೆ ಊರಿಗೆ ಹೆಮ್ಮೆ, ಟೀಚರ್ ಹುಡುಗಿ ಹೋಗುತ್ತೇನೆಂದರೆ ಊರಿಗೆ ದ್ರೋಹ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಳು ತಿಂಗಳು ಬೇರೆ ದೇಶದ ಮಕ್ಕಳಿಗೆ ಕಲಿಸಿ ಬಂದವಳು ಇಲ್ಲಿನ ಮಕ್ಕಳಿಗೂ ಇನ್ನಷ್ಟು ಚೆನ್ನಾಗಿ ಕಲಿಸುತ್ತಾಳೆ ಎಂಬುದು ನನ್ನ ನಂಬಿಕೆ.

ನಮ್ಮ ಕಾಲೇಜುಗಳಿಗೆ ಒಂದು ಮನವಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಲ್ಲಿ ಉದ್ಯೋಗ ಮೇಳಗಳು ನಡೆಯುತ್ತವೆ, ಕಾರ್ಖಾನೆಗಳವರು ಬರುತ್ತಾರೆ. ಅದೇ ದಿನ ಒಂದು ಗಂಟೆ, ವಿದೇಶದ ಕೆಲಸಕ್ಕೆ ಸರಿಯಾದ ದಾರಿ ಯಾವುದು, ಯಾವ ವೀಸಾದಲ್ಲಿ ಏನು ಮಾಡಬಹುದು, ಏಜೆಂಟರ ಹೆಸರನ್ನು ಎಲ್ಲಿ ನೋಡಬೇಕು ಎಂದು ಯಾರಾದರೂ ಹೇಳಲಿ. ಇದಕ್ಕೆ ಬಜೆಟ್ ಬೇಡ, ಒಂದು ಪ್ರೊಜೆಕ್ಟರ್ ಸಾಕು. ತೋಪು ಬರೆದುಕೊಡಲು ಹೊರಟ ಒಬ್ಬ ಅಪ್ಪನಾದರೂ ಬಸ್ ಹತ್ತದೆ ಉಳಿದಾರು.

ನಾನು ಈಗ ಫ್ರೆಂಚ್ ಕಲಿಯುತ್ತಿದ್ದೇನೆ. ಶನಿವಾರ ಶಾಲೆ ಮುಗಿಸಿ ಮಾಲೂರಿನ ಚಿಕ್ಕಮ್ಮನ ಮನೆಗೆ ಬಂದು ಮಲಗಿ, ಭಾನುವಾರ ಬೆಳಗಿನ ರೈಲಿನಲ್ಲಿ ಕಂಟೋನ್ಮೆಂಟ್‌ಗೆ ಹೋಗುತ್ತೇನೆ. ವಸಂತನಗರದ ತರಗತಿಗೆ ಅಲ್ಲಿಂದ ನಡೆದೇ ಹೋಗಬಹುದು. ಎ2 ಹಂತ ಮುಗಿದಿದೆ, ಬಿ1 ಬಾಕಿ ಇದೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಗ್ಯಾರಂಟಿ ಯಾರೂ ಕೊಟ್ಟಿಲ್ಲ, ಆದ್ದರಿಂದ ಧೈರ್ಯವಾಗಿದೆ.

ಆ ಹುಡುಗ ಈಗ ಹತ್ತನೇ ತರಗತಿ. ಮೊನ್ನೆ ಅವನಿಗೆ ಉತ್ತರ ಹೇಳಿದೆ: ‘ಹೌದಪ್ಪಾ, ಅವರಲ್ಲೂ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಬರಲ್ಲ. ನಿನ್ ಥರಾನೇ ಕಲೀತಾರೆ.’ ಅವನಿಗೆ ಬಹಳ ಸಮಾಧಾನವಾದಂತೆ ಕಂಡಿತು. ಆಮೇಲೆ, ‘ಹಾಗಾದ್ರೆ ಫ್ರೆಂಚಲ್ಲಿ ಒಂದು ಮಾತು ಹೇಳಿ ಮಿಸ್’ ಎಂದ. ಹೇಳಿದೆ. ಸಂಜೆ ಗೇಟಿನ ಹತ್ತಿರ ಹತ್ತು ಮಕ್ಕಳು ‘ಬೋಂಜೂರ್ ಮಿಸ್’ ಎಂದು ಕೂಗುತ್ತಾ ಓಡಿದರು.