ಉಪವಾಸವೆಂದರೆ ಏಕಾದಶಿಯಲ್ಲ

ಊರಿನಿಂದ ತಂದೆತಾಯಿಗಳನ್ನು ಮುಂಬಯಿಗೆ ಕರೆತಂದು ಔಷಧೋಪಚಾರ ಮಾಡಿಸುವುದು ನಮ್ಮ ಸಂಘದ ಮನೆಗಳಿಗೆ ಹೊಸತಲ್ಲ. ಸ್ಕ್ಯಾನಿಗೆ ದಿನ ಗೊತ್ತಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಚೀಟಿಯಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದಿರುತ್ತದೆ. ನಾವು ಅದನ್ನು ಕನ್ನಡಕ್ಕೆ ತಿರುಗಿಸಿ, "ಅಮ್ಮ, ನಾಳೆ ನಿಮಗೆ ಉಪವಾಸ" ಎಂದುಬಿಡುತ್ತೇವೆ. ತೊಡಕು ಅಲ್ಲಿಯೇ. ಅಮ್ಮನಿಗೆ ಗೊತ್ತಿರುವ ಉಪವಾಸ ಏಕಾದಶಿಯದು. ಹನಿ ನೀರೂ ಇಲ್ಲ, ಗುಳಿಗೆಯ ಮಾತಂತೂ ಇಲ್ಲವೇ ಇಲ್ಲ.

ಆ ಗುಳಿಗೆ ಪ್ರೆಡ್ನಿಸೊಲೋನಿನಂಥ ಸ್ಟೆರಾಯ್ಡ್ ಆಗಿದ್ದರೆ ಮಾತು ಗಂಭೀರ. 1948ರಲ್ಲಿ ಅಮೆರಿಕದ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಮಲಗಿದ್ದ ಒಬ್ಬ ಹೆಂಗಸಿಗೆ ಈ ಜಾತಿಯ ಮದ್ದು ಕೊಟ್ಟು ಎಬ್ಬಿಸಿದರು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳು ಇದೇ ಬಗೆಯ ರಸವನ್ನು ತಾವೇ ತಯಾರಿಸುತ್ತವೆ. ವಾರಗಟ್ಟಲೆ ಹೊರಗಿನಿಂದ ಮದ್ದು ಬಂದರೆ, ರಜೆಯ ಮೇಲೆ ಹೋದ ಗುಮಾಸ್ತನಂತೆ ಅವು ಕೆಲಸ ಮರೆಯುತ್ತವೆ. ಹಾಗಿರುವಾಗ ಮದ್ದನ್ನು ತಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ, ಪ್ರಾಣಕ್ಕೂ ಅಪಾಯ. ಆದುದರಿಂದ ಸ್ಕ್ಯಾನಿನ ಹಿಂದಿನ ದಿನವೇ ವೈದ್ಯರನ್ನು ಕೇಳಬೇಕು: "ಬೆಳಗಿನ ಗುಳಿಗೆಯನ್ನು ಗುಟುಕು ನೀರಿನೊಡನೆ ಕೊಡಬಹುದೇ?" ಸಾಮಾನ್ಯವಾಗಿ ಕೊಡಿ ಎಂದೇ ಹೇಳುತ್ತಾರೆ. ಹೊಟ್ಟೆಯುರಿ ತಪ್ಪಿಸಲು ಮಿಕ್ಕ ದಿನಗಳಲ್ಲಿ ಇದನ್ನು ತಿಂಡಿಯಾದ ಮೇಲೆ ಕೊಡುವುದುಂಟು. ಕೆಮ್ಮಿಗೆಂದು ಅಜ್ಜಿಯರು ಬಾಯಲ್ಲಿಟ್ಟುಕೊಳ್ಳುವ ಜ್ಯೇಷ್ಠಮಧುವಿನ ವಿಷಯವನ್ನೂ ತಿಳಿಸಬೇಕು. ಸ್ಟೆರಾಯ್ಡಿನೊಡನೆ ಅದು ಹೆಚ್ಚಾದರೆ ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಊರಿನ ಪುಡಿಯಾದರೆ ಹೇಳಬೇಕಿಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ.

ಎಲ್ಲ ಸ್ಕ್ಯಾನಿನ ಉಪವಾಸವೂ ಒಂದೇ ಅಲ್ಲ. ಸಿ.ಟಿ. ಸ್ಕ್ಯಾನಿಗೆ ನರದೊಳಗೆ ಅಯೊಡೀನಿರುವ ದ್ರವ ಹಾಕುತ್ತಾರೆ. ಇದಕ್ಕೆ ಉಪವಾಸ ಬೇಕಿಲ್ಲವೆಂದು ಯುರೋಪಿನ ತಜ್ಞರ ಸಂಘವೇ ಹೇಳಿದೆ. ಆದರೂ ಕೇಂದ್ರದವರು ಹೇಳಿದಂತೆ ನಡೆಯಬೇಕು. ಪೆಟ್ ಸ್ಕ್ಯಾನಿನ ಮಾತೇ ಬೇರೆ. ಅಲ್ಲಿ ಸಾಮಾನ್ಯವಾಗಿ ಕೊಡುವುದು ಸಕ್ಕರೆಯನ್ನೇ ಹೋಲುವ ವಸ್ತು. ರಕ್ತದಲ್ಲಿ ಸಕ್ಕರೆ ಏರಿದ್ದರೆ ಚಿತ್ರ ಕೆಡುತ್ತದೆ. ಅರ್ಧ ಲೋಟ ಕಾಫಿಯೂ ಸಲ್ಲದು. ಸ್ಟೆರಾಯ್ಡ್ ತಾನಾಗಿಯೇ ಸಕ್ಕರೆ ಏರಿಸುವುದರಿಂದ ಅದನ್ನು ಮೊದಲೇ ತಿಳಿಸಿರಬೇಕು. ಮಧುಮೇಹದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ, ಅಯೊಡೀನ್ ದ್ರವ ಕೊಡುವಾಗ ಆ ಗುಳಿಗೆಯನ್ನು 48 ಗಂಟೆ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಒಂದು ಗುಳಿಗೆ ನಿಲ್ಲಿಸಬೇಕು, ಇನ್ನೊಂದು ನಿಲ್ಲಿಸಬಾರದು. ಎರಡೂ ಒಂದೇ ಡಬ್ಬಿಯಲ್ಲಿ!

ಕರಾವಳಿಯ ಮನೆಗಳಲ್ಲಿ ಇನ್ನೊಂದು ಭಯವಿದೆ. ಸಿಗಡಿ ತಿಂದರೆ ಮೈ ದದ್ದೇಳುವವರಿಗೆ ಅಯೊಡೀನ್ ದ್ರವವೂ ಆಗದೆಂದು ನಂಬುತ್ತಾರೆ. ಸಿಗಡಿಯಲ್ಲಿ ಒಗ್ಗದಿರುವುದು ಅದರ ಪ್ರೋಟೀನು, ಅಯೊಡೀನಲ್ಲ. ಹಿಂದೆ ಆ ದ್ರವದಿಂದಲೇ ದದ್ದು, ಉಬ್ಬಸ ಬಂದಿದ್ದರೆ ಮಾತ್ರ ವಿಷಯ ಬೇರೆ, ಅದನ್ನು ಹೇಳಲೇಬೇಕು. ಅಂಥವರಿಗೆ ಸ್ಕ್ಯಾನಿಗೆ 13, 7 ಮತ್ತು 1 ಗಂಟೆ ಮೊದಲು ಸ್ಟೆರಾಯ್ಡ್ ಗುಳಿಗೆ ಕೊಡುವ ಒಂದು ಕ್ರಮವಿದೆ. ಬೆಳಿಗ್ಗೆ 10ಕ್ಕೆ ಸ್ಕ್ಯಾನಾದರೆ ರಾತ್ರಿ 9ಕ್ಕೆ, ನಸುಕಿನ 3ಕ್ಕೆ, ಮತ್ತೆ 9ಕ್ಕೆ. ಮೂರು ಗಂಟೆಗೆ ಅಮ್ಮನನ್ನು ಎಬ್ಬಿಸುವವರು ಯಾರೆಂದು ಮನೆಯಲ್ಲಿ ಮಲಗುವ ಮುನ್ನವೇ ಗೊತ್ತಾಗಿರಲಿ.