ಬಾಯಿಲ್ಲದವರ ಪರವಾಗಿ ಲೆಕ್ಕ ಕೇಳುವವರಾರು?

ನವಲಗುಂದದ ಜಮಖಾನೆಗಳ ಹಿಂದೆ ನಮ್ಮ ಸಮುದಾಯದ ಮಹಿಳೆಯರ ಕೈಗಳಿವೆ ಎಂಬುದು ಓದುಗರಿಗೆ ತಿಳಿದ ಸಂಗತಿ. ಬದುಕಿನ ಬಹುಭಾಗವನ್ನು ಮಗ್ಗದ ಮುಂದೆಯೇ ಕಳೆದ ಅಂತಹ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ಸ್ವಂತ ಮಕ್ಕಳ ಹೆಸರನ್ನೇ ಮರೆಯತೊಡಗಿದರು. ಮೊದಮೊದಲು ಮನೆಯವರು ನಕ್ಕು ಸುಮ್ಮನಾದರು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಹೇಗೂ ಇದೆಯಲ್ಲ! ಆಮೇಲೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಸುಟ್ಟು ವಾಸನೆ ಬಂದರೂ ಅವರಿಗೆ ಅರಿವಾಗದಂತಾಯಿತು. ಕೊನೆಗೊಂದು ರಾತ್ರಿ, ಅಣ್ಣಿಗೇರಿಯ ತವರಿಗೆ ಹೋಗಬೇಕೆಂದು ಬಾಗಿಲು ತೆರೆದು ಹೊರಟೇಬಿಟ್ಟರು. ತವರಿನಲ್ಲಿ ಅವರನ್ನು ಬರಮಾಡಿಕೊಳ್ಳಬೇಕಾದವರೆಲ್ಲ ತೀರಿಹೋಗಿ ದಶಕಗಳೇ ಕಳೆದಿದ್ದವು. ಹಿರಿಯ ಮಗ ಕೊಲ್ಲಿ ರಾಷ್ಟ್ರದಲ್ಲಿ. ಕಿರಿಯವನು ಬೆಳಗ್ಗೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಮರಳುವುದು ರಾತ್ರಿ. ಮನೆಯಲ್ಲಿ ಉಳಿದವಳು ಸೊಸೆ ಒಬ್ಬಳೇ. ಎರಡು ವರ್ಷ ರಾತ್ರಿ ಹಗಲು ಕಾದು ಬಳಲಿದ ಆ ಕುಟುಂಬ ಕೊನೆಗೆ ತಾಯಿಯನ್ನು ದೂರದ ನಗರವೊಂದರ ಆರೈಕೆ ಕೇಂದ್ರಕ್ಕೆ ಸೇರಿಸಿತು.

ಮೂರು ತಿಂಗಳ ಬಳಿಕ ಕಿರಿಯ ಮಗನೊಂದಿಗೆ ಆ ಕೇಂದ್ರಕ್ಕೆ ಹೋಗುವ ಸಂದರ್ಭ ನನಗೂ ಒದಗಿತು. ಗೋಡೆಗಳಿಗೆ ಹೊಸ ಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸ್, ಕಚೇರಿಯಲ್ಲಿ ನಗುಮುಖದ ಸ್ವಾಗತ. ಒಳಗೆ ತಾಯಿ ಕುರ್ಚಿಯಲ್ಲಿ ತಲೆಬಾಗಿಸಿ ಕುಳಿತಿದ್ದರು. ಅವರ ಕೂದಲನ್ನು ಬೋಳಿಸಲಾಗಿತ್ತು. ಪರರೆದುರು ಒಮ್ಮೆಯೂ ತಲೆಯ ಸೆರಗು ಜಾರಗೊಡದ ಹೆಂಗಸು! ಮೈಮೇಲಿದ್ದುದು ಇನ್ನಾರದೋ ನೈಟಿ. ವಿಚಾರಿಸಿದಾಗ, ಹೇನಾಗುತ್ತವೆಂದು ಎಲ್ಲರದೂ ತೆಗೆಸಿದ್ದೇವೆ ಎಂಬ ಉತ್ತರ ಬಂತು. ಏಕಿಷ್ಟು ಮಂಕಾಗಿದ್ದಾರೆ ಎಂದು ಕೇಳಿದರೆ, ರಾತ್ರಿ ಗಲಾಟೆ ಮಾಡುತ್ತಾರೆ, ಮಾತ್ರೆ ಕೊಡುತ್ತೇವೆ ಎಂದರು. ಯಾವ ಮಾತ್ರೆ, ಬರೆದುಕೊಟ್ಟ ವೈದ್ಯರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಮಗ ಅದೇ ದಿನ ತಾಯಿಯನ್ನು ಮನೆಗೆ ಕರೆತಂದ.

ಊರಿನ ಜನ ಏನೆಂದರು? ಹೆತ್ತ ತಾಯಿಯನ್ನು ಆಶ್ರಮಕ್ಕೆ ಹಾಕಿದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದರು. ವಸ್ತುತಃ ಆ ಮಗನ ತಪ್ಪು ತಾಯಿಯನ್ನು ಕೇಂದ್ರಕ್ಕೆ ಸೇರಿಸಿದ್ದಲ್ಲ, ನೋಡದೆ ಸೇರಿಸಿದ್ದು ಮತ್ತು ಸೇರಿಸಿದ ಬಳಿಕ ಮೂರು ತಿಂಗಳು ನೋಡದೇ ಇದ್ದದ್ದು. ಏನನ್ನು ನೋಡಬೇಕೆಂದು ಅವನಿಗೆ ನಾವು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ತಂದೆತಾಯಿಯ ಖಿದ್ಮತ್‌ನ ಬಗ್ಗೆ ನಮ್ಮಲ್ಲಿ ಉಪದೇಶಗಳಿಗೆ ಕೊರತೆಯಿಲ್ಲ. ಆದರೆ ಬುದ್ಧಿ ಮಂಕಾದ ಹಿರಿಯರನ್ನು ಯಾರ ಕೈಗೆ ಒಪ್ಪಿಸಬಹುದು, ಯಾರ ಕೈಗೆ ಒಪ್ಪಿಸಬಾರದು ಎಂದು ತಿಳಿಸುವ ಮಾತು ಎಲ್ಲೂ ಕೇಳಿಬರುವುದಿಲ್ಲ.

ಇದು ಒಂದು ಮನೆಯ ಕಥೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಶಿಯಾ ಎಂಬ ಮರೆಗುಳಿತನದ ರೋಗದಿಂದ ಬಳಲುತ್ತಿದ್ದಾರೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಇದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ. ದೆವ್ವದ ಕಾಟವಂತೂ ಅಲ್ಲವೇ ಅಲ್ಲ. ಆದುದರಿಂದ ಆರೈಕೆ ಕೇಂದ್ರದ ಮಾತಿಗೆ ಮೊದಲು ವೈದ್ಯರ ಮಾತು ಬರಬೇಕು. ಥೈರಾಯಿಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವೆಲ್ಲವೂ ಮರೆವನ್ನು ತರಬಲ್ಲವು, ಮತ್ತು ಇವುಗಳಿಗೆ ಚಿಕಿತ್ಸೆಯಿದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭಗೊಂಡು ಇಂದು ಡಿಮ್ಹಾನ್ಸ್ ಎಂದು ಕರೆಯಲ್ಪಡುವ ಸಂಸ್ಥೆ ನಮ್ಮ ಧಾರವಾಡದಲ್ಲೇ ಇದೆ. ಕಲಘಟಗಿ, ಕುಂದಗೋಳದವರಿಗೂ ಅದು ದೂರವಲ್ಲ. ಆದರೆ ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರಿಗೆ ಅಂಜಿ ಅಲ್ಲಿಗೆ ಹೋಗದೆ, ತಾಯತಕ್ಕಾಗಿ ನೂರಾರು ಮೈಲಿ ಅಲೆಯುವ ಕುಟುಂಬಗಳು ನಮ್ಮಲ್ಲಿವೆ!

ಇಲ್ಲಿ ಏರ್ವಾಡಿಯನ್ನು ನೆನಪಿಸಲೇಬೇಕಾಗಿದೆ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಈ ಊರಿನ ದರ್ಗಾದ ಹೆಸರಿನಲ್ಲಿ ಮಾನಸಿಕ ರೋಗಿಗಳು ಬರುತ್ತಿದ್ದರು. ಅವರನ್ನು ಇಟ್ಟುಕೊಳ್ಳಲು ಸುತ್ತಲೂ ಖಾಸಗಿ ಆಶ್ರಯಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರಂದು ಅವುಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಬಂಧಿಸಲ್ಪಟ್ಟಿದ್ದವರಿಗೆ ಓಡಲಾಗಲಿಲ್ಲ. 28 ಮಂದಿ ಪ್ರಾಣ ಕಳೆದುಕೊಂಡರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅವರನ್ನು ಅಲ್ಲಿ ಬಿಟ್ಟುಹೋದವರು ಕ್ರೂರಿಗಳಾಗಿರಲಿಲ್ಲ, ನಂಬಿದವರಾಗಿದ್ದರು. ಪವಿತ್ರವೆಂದು ನಂಬಿದ ಸ್ಥಳದಲ್ಲಿ ಪ್ರಶ್ನೆ ಕೇಳುವುದು ಅವಿಶ್ವಾಸವೆಂದು ತಿಳಿದುದರ ಫಲ ಅದು. ಧರ್ಮಕಾರ್ಯ ಎಂಬ ಹೆಸರು ಲೆಕ್ಕ ಕೊಡದಿರಲು ಪರವಾನಗಿಯಲ್ಲ.

ಈಗ ನಮ್ಮ ಕೈಯಲ್ಲಿ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ರೋಗದ ವ್ಯಾಖ್ಯೆಯಲ್ಲಿ ಸ್ಮರಣಶಕ್ತಿಯ ತೀವ್ರ ಏರುಪೇರನ್ನೂ ಸೇರಿಸಿದೆ. ಅಂತಹ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ ಸರಕಾರದ್ದಾಗಲಿ, ಖಾಸಗಿಯಾಗಲಿ, ದತ್ತಿಯಾಗಲಿ, ನೋಂದಣಿ ಕಡ್ಡಾಯ. ಸರಪಳಿ ಹಾಕುವುದನ್ನು ಕಾಯ್ದೆ ಸಂಪೂರ್ಣ ನಿಷೇಧಿಸಿದೆ. ರೋಗಿಯನ್ನು ಕಟ್ಟಿಹಾಕುವ ಅನಿವಾರ್ಯತೆ ಬಂದರೆ ಮನೋವೈದ್ಯರ ಅನುಮತಿ ಬೇಕು, ಕಾರಣವನ್ನು ದಾಖಲಿಸಬೇಕು. ಬಲವಂತವಾಗಿ ತಲೆ ಬೋಳಿಸಬಾರದು, ಸ್ವಂತ ಬಟ್ಟೆ ತೊಡಲು ಬಿಡಬೇಕು ಎಂಬುದನ್ನೂ ಅದು ಹಕ್ಕಾಗಿ ಬರೆದಿದೆ. ಅಂದರೆ, ನವಲಗುಂದದ ಆ ತಾಯಿಗೆ ಆದದ್ದು ಕೇವಲ ಅವಮಾನವಲ್ಲ, ಹಕ್ಕಿನ ಉಲ್ಲಂಘನೆ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ಆ ಮಗ ದೂರು ಒಯ್ಯಬಹುದಿತ್ತು. ಆದರೆ ಇದು ಅವನಿಗೆ ಗೊತ್ತಿರಲಿಲ್ಲ.

ಹಾಗಾದರೆ ಒಂದು ಕೇಂದ್ರದ ಗುಣಮಟ್ಟವನ್ನು ಸಾಮಾನ್ಯ ಕುಟುಂಬವೊಂದು ಅಳೆಯುವುದು ಹೇಗೆ? ಮೊದಲು ನೋಂದಣಿ ಪತ್ರವನ್ನು ಕೇಳಿ ನೋಡಬೇಕು. ಅನಂತರ ಕಚೇರಿಯಿಂದ ಎದ್ದು ಒಳಗೆ ನಡೆಯಬೇಕು. ಹಗಲಿನ ಹನ್ನೊಂದು ಗಂಟೆಗೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಈ ರೋಗಿಗಳ ತಳಮಳ ಹೆಚ್ಚುವುದು ಮುಸ್ಸಂಜೆಯ ಹೊತ್ತಿಗೆ. ಆದುದರಿಂದ ಮಗ್ರಿಬ್‌ನ ಬಳಿಕ ಒಮ್ಮೆ, ಬೆಳಗಿನ ಜಾವ ಒಮ್ಮೆ ಹೇಳದೆಯೇ ಹೋಗಬೇಕು. ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಮಂದಿ ಎಚ್ಚರವಿರುತ್ತಾರೆ ಎಂದು ಎಣಿಸಬೇಕು. ಮೂಗಿಗೆ ಮೂತ್ರದ ವಾಸನೆ ಬಡಿದರೆ ಅದನ್ನು ಮರೆಮಾಚುವ ಊದುಬತ್ತಿಗೆ ಮೋಸಹೋಗಬಾರದು. ಹೊಂದಿಕೊಳ್ಳಲಿ, ಒಂದು ತಿಂಗಳು ಬರಬೇಡಿ ಎನ್ನುವ ಕೇಂದ್ರದ ಬಗ್ಗೆ ಎಚ್ಚರವಿರಲಿ. ನೀವು ಬರುವುದಕ್ಕೆ ಅಂಜುವವರಿಗೆ ಮುಚ್ಚಿಡಲು ಏನೋ ಇದೆ ಎಂದೇ ಅರ್ಥ.

ಎರಡನೆಯದು ಮಾತ್ರೆ. ಗಲಾಟೆ ಮಾಡುವ ರೋಗಿಯನ್ನು ಮಾತ್ರೆಯಿಂದ ಮಲಗಿಸುವುದು ಎಲ್ಲಕ್ಕಿಂತ ಅಗ್ಗದ ಆರೈಕೆ. ಆದರೆ ಅದರ ಬೆಲೆಯನ್ನು ತೆರುವವನು ರೋಗಿ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಡಿಮೆನ್ಶಿಯಾ ಇರುವ ವೃದ್ಧರ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬ್ರಿಟನ್ ಸರಕಾರಕ್ಕಾಗಿ 2009ರಲ್ಲಿ ಸಿದ್ಧವಾದ ವರದಿಯೊಂದು ಅಲ್ಲಿನ ಸುಮಾರು 1.8 ಲಕ್ಷ ಡಿಮೆನ್ಶಿಯಾ ರೋಗಿಗಳಿಗೆ ಈ ಔಷಧ ಕೊಡಲಾಗುತ್ತಿದೆ, ಪ್ರಯೋಜನವಾಗುವುದು ಸುಮಾರು 36 ಸಾವಿರ ಮಂದಿಗೆ ಮಾತ್ರ, ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವುಗಳು ಸಂಭವಿಸುತ್ತಿವೆ ಎಂದು ಅಂದಾಜಿಸಿತು. ಆಸ್ಪತ್ರೆಗಳಿಗೂ ತಪಾಸಣೆಗಳಿಗೂ ಕೊರತೆಯಿಲ್ಲದ ದೇಶದಲ್ಲೇ ಈ ಗತಿಯಾದರೆ, ಕೇಳುವವರಿಲ್ಲದ ಕಡೆ ಏನಾದೀತು? ಪ್ರತಿಯೊಂದು ಮಾತ್ರೆಯ ಹೆಸರು, ಪ್ರಮಾಣ, ಬರೆದ ವೈದ್ಯರು, ಎಂದು ನಿಲ್ಲಿಸಲಾಗುವುದು ಎಂಬ ವಿವರ ಕುಟುಂಬದ ಕೈಯಲ್ಲಿರಬೇಕು.

ಮೂರನೆಯದು ದೇಹ. ನೀರು ಬೇಕೆಂದು ಕೇಳುವುದನ್ನೇ ಮರೆತವರಿಗೆ ನೀರು ಕುಡಿಸುವವರಾರು? ಪ್ರತಿ ತಿಂಗಳು ತೂಕ ನೋಡಿ ಬರೆದಿಡುತ್ತಾರೆಯೇ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆಯೇ? ಭೇಟಿಗೆ ಹೋದಾಗ ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗವನ್ನು ನೋಡಲು ಸಂಕೋಚ ಬೇಡ. ಕೇಂದ್ರದ ಕಡತ ಸುಳ್ಳು ಹೇಳಬಹುದು, ಹಾಸಿಗೆ ಹುಣ್ಣು ಸುಳ್ಳು ಹೇಳದು.

ಇಷ್ಟೆಲ್ಲ ಇದ್ದೂ ಒಂದು ಸಂಗತಿ ಉಳಿಯುತ್ತದೆ. ಈ ರೋಗ ಬೆಳೆದಂತೆ ಆಮೇಲೆ ಕಲಿತದ್ದು ಮೊದಲು ಅಳಿಸುತ್ತದೆ, ಬಾಲ್ಯದಲ್ಲಿ ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಬಾಲ್ಯದ ನುಡಿ ಉರ್ದುವಾದರೆ, ಪೇಟೆಯಲ್ಲಿ ಕಲಿತದ್ದು ಧಾರವಾಡದ ಕನ್ನಡ. ಇವೆರಡೂ ಬಾರದ ಸಿಬ್ಬಂದಿಯ ನಡುವೆ ಆ ತಾಯಿ ಮೂರು ತಿಂಗಳಲ್ಲಿ ಮಾತನ್ನೇ ನಿಲ್ಲಿಸಿದ್ದರು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ ತಿನ್ನುವವರಿಗೆ ಬ್ರೆಡ್ಡು ಕೊಟ್ಟು, ಊಟ ಬಿಟ್ಟಿದ್ದಾರೆ ಎಂದು ಬರೆದಿಟ್ಟಿದ್ದರು. ಸ್ನಾನ ಮಾಡಿಸಲು ಹೆಂಗಸರಿದ್ದಾರೆಯೇ, ತಲೆಗೆ ಸೆರಗು ಹೊದಿಸುತ್ತಾರೆಯೇ, ಬಾಂಗಿನ ಹೊತ್ತಿಗೆ ಅಭ್ಯಾಸಬಲದಿಂದ ಮುಖ ತೊಳೆಯಲು ಏಳುವ ವೃದ್ಧರಿಗೆ ನೀರು ಕೊಡುತ್ತಾರೆಯೇ ಎಂಬ ಪ್ರಶ್ನೆಗಳು ಸಣ್ಣವಲ್ಲ. ಮನೆಗೆ ಮರಳಿದ ಮೇಲೆ ಅವರ ಮುಂದೆ ಬಣ್ಣದ ನೂಲಿನ ಉಂಡೆಗಳನ್ನಿಟ್ಟರು. ಮಗನ ಹೆಸರು ಬಾರದ ಆ ತಾಯಿ ಕೆಂಪನ್ನೂ ಹಳದಿಯನ್ನೂ ಬೇರ್ಪಡಿಸಿ ಇಡತೊಡಗಿದರು. ನೆನಪು ಮಾಸಿದರೂ ಕೈ ಮರೆತಿರಲಿಲ್ಲ. ಒಳ್ಳೆಯ ಕೇಂದ್ರವೆಂದರೆ ಇಂತಹ ಕೈಗೆ ಇನ್ನೂ ಏನು ಬರುತ್ತದೆ ಎಂದು ಹುಡುಕುವ ಕೇಂದ್ರ.

ಅಂತಹ ಆರೈಕೆ ಕರ್ನಾಟಕಕ್ಕೆ ಅಪರಿಚಿತವಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆಗುಳಿ ರೋಗಿಗಳಿಗೆಂದೇ ಕೇಂದ್ರವನ್ನು ತೆರೆಯಿತು. ಆದರೆ ಬೆಂಗಳೂರು ಹುಬ್ಬಳ್ಳಿಯಿಂದ ಸುಮಾರು 400 ಕಿಲೋಮೀಟರ್ ದೂರ. ವಾರಕ್ಕೊಮ್ಮೆ ಹೋಗಿ ನೋಡುವುದು ಅಣ್ಣಿಗೇರಿಯ ಕುಟುಂಬಕ್ಕೆ ಸಾಧ್ಯವೇ? ನೋಡಲಾಗದಷ್ಟು ದೂರದ ಒಳ್ಳೆಯ ಕೇಂದ್ರಕ್ಕಿಂತ ವಾರಕ್ಕೆರಡು ಬಾರಿ ಹೋಗಿಬರಬಹುದಾದ ಸಾಧಾರಣ ಕೇಂದ್ರ ಎಷ್ಟೋ ಸಲ ಮೇಲು.

ಸರಕಾರ ಏನು ಮಾಡುತ್ತಿದೆ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸಜೆ ವಿಧಿಸುತ್ತದೆ. ಅದೇ ಕಾಯ್ದೆ ಜಿಲ್ಲೆಗೊಂದರಂತೆ 150 ಮಂದಿ ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸುವ ಮಾತನ್ನೂ ಆಡಿದೆ. ಮಕ್ಕಳಿಗೆ ಸಜೆ, ಸರಕಾರಕ್ಕೆ ಬರೀ ಮಾತು! ಹಿರಿಯರ ಆರೈಕೆ ಸಂಸ್ಥೆಗಳಿಗೆ ಕನಿಷ್ಠ ಗುಣಮಟ್ಟ ನಿಗದಿಪಡಿಸುವ ತಿದ್ದುಪಡಿ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೇ ಅದು ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಆರೈಕೆ ಕೇಂದ್ರಗಳನ್ನು ತಪಾಸಣೆ ಮಾಡಿ, ಸುರಕ್ಷಿತವೇ, ಪರಿಣಾಮಕಾರಿಯೇ, ಕರುಣೆಯಿದೆಯೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಸರಿಯಿದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದು ಬಹಿರಂಗಪಡಿಸುತ್ತದೆ. ಅಲ್ಲಿನ ಕುಟುಂಬ ಓದಿ ತೀರ್ಮಾನಿಸುತ್ತದೆ. ಇಲ್ಲಿನ ಕುಟುಂಬ ಪರಿಚಯದವರ ಮಾತು ಕೇಳಿ ತೀರ್ಮಾನಿಸುತ್ತದೆ. ನಿಮ್ಹಾನ್ಸ್‌ನ ಸಹಯೋಗದಲ್ಲಿ ರಾಜ್ಯ ಸರಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ಸ್ವಾಗತಾರ್ಹ. ಆದರೆ ರೋಗವನ್ನು ಗುರುತಿಸಿದ ಮೇಲೆ ರೋಗಿ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೂ ಅದು ಉತ್ತರಿಸಬೇಕಾಗಿದೆ.

ಸರಕಾರವನ್ನು ದೂರಿ ಕೈತೊಳೆದುಕೊಳ್ಳುವ ಹಕ್ಕು ಮಾತ್ರ ನಮಗಿಲ್ಲ. ಶಾದಿ ಮಹಲ್‌ಗಳಿಗೂ ಮಸೀದಿಯ ಕಮಾನುಗಳಿಗೂ ಲಕ್ಷಗಟ್ಟಲೆ ಸಂಗ್ರಹಿಸುವ ನಮ್ಮ ಜಮಾಅತ್‌ಗಳು, ತಾಲೂಕಿಗೊಂದು ಹಗಲು ಆರೈಕೆ ಕೇಂದ್ರವನ್ನೇಕೆ ಯೋಚಿಸಬಾರದು? ಬೆಳಗ್ಗೆ ಕರೆತಂದು ಸಂಜೆ ಮನೆಗೆ ಕರೆದೊಯ್ಯುವ ವ್ಯವಸ್ಥೆಯಾದರೆ ಸೊಸೆಗೆ ಉಸಿರಾಡಲು ಬಿಡುವು ಸಿಗುತ್ತದೆ, ಹಿರಿಯರಿಗೆ ಮನೆ ತಪ್ಪುವುದಿಲ್ಲ. ಡಿಮೆನ್ಶಿಯಾ ಪೀಡಿತ ಹಿರಿಯರ ಕೇಂದ್ರ ನಡೆಸುವ ಸಂಸ್ಥೆಗಳಿಗೆ ಕೇಂದ್ರ ಸರಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಅನುದಾನಕ್ಕೂ ಅವಕಾಶವಿದೆ. ಆದರೆ ಕಟ್ಟಡಕ್ಕಿಂತ ಮೊದಲು ತರಬೇತಿ ಪಡೆದ ಕೈಗಳು ಬೇಕು, ಮೊದಲ ದಿನವೇ ನೋಂದಣಿ ಬೇಕು, ಯಾರೇ ಬಂದು ನೋಡಬಹುದಾದ ತೆರೆದ ಬಾಗಿಲು ಬೇಕು. ಇಲ್ಲದಿದ್ದರೆ ನಾವೂ ಇನ್ನೊಂದು ಏರ್ವಾಡಿಯನ್ನು ಕಟ್ಟಿದಂತಾದೀತು.

ಅಲ್ಲಿಯವರೆಗೆ ಇಷ್ಟನ್ನಾದರೂ ಮಾಡಬಹುದು. ನಮ್ಮೂರಿನ ಯಾರ ತಂದೆ, ಯಾರ ತಾಯಿ ಯಾವ ಕೇಂದ್ರದಲ್ಲಿದ್ದಾರೆ ಎಂದು ಜಮಾಅತ್ ತಿಳಿದುಕೊಳ್ಳಲಿ. ಇಬ್ಬರು ಗಂಡಸರು, ಇಬ್ಬರು ಹೆಂಗಸರು ತಿಂಗಳಿಗೊಮ್ಮೆ ಹೇಳದೆ ಹೋಗಿ ನೋಡಿ ಬರಲಿ. ತಪ್ಪು ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸಲಿ, ಪರಿಶೀಲನಾ ಮಂಡಳಿಗೆ ಬರೆಯಲಿ. ಕೇಂದ್ರಕ್ಕೆ ಸೇರಿಸಿದ ಮಕ್ಕಳನ್ನು ಮದುವೆ ಮನೆಗಳಲ್ಲಿ ಚುಚ್ಚಿ ನುಡಿಯುವುದನ್ನು ನಿಲ್ಲಿಸಿ, ಕಳೆದ ವಾರ ಹೋಗಿದ್ದೆಯಾ, ಊಟ ಮಾಡುತ್ತಿದ್ದಾರಾ, ಮಾತ್ರೆ ಯಾವುದು ಎಂದು ವಿಚಾರಿಸೋಣ. ತನ್ನ ದೂರನ್ನು ತಾನೇ ಹೇಳಲಾರದ ತಾಯಿಗೆ, ಅವಳ ಪರವಾಗಿ ಕೇಳುವ ಊರೊಂದು ಬೇಕಾಗಿದೆ.